ನೀರಿನಾಚೆಯ ತವರು

ವಿಜಯಪುರದ ಬಸ್ ಸ್ಟ್ಯಾಂಡು ಇನ್ನೂ ಕಾಣಿಸಿರಲಿಲ್ಲ, ವಾಸನೆ ಬಂತು. ಬೆಂಗಳೂರಿಗೆ ಹತ್ತಿರದ, ರೇಷ್ಮೆಗೂಡನ್ನು ಕುದಿನೀರಿಗೆ ಹಾಕಿ ನೂಲು ಬಿಚ್ಚುವ ಊರದು. ಬೆಂದ ಹುಳುವಿನ ವಾಸನೆ ಅಲ್ಲಿನ ಗಾಳಿಯಲ್ಲಿ ಸದಾ ಇರುತ್ತದೆ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ವೇಲನ್ನು ಮೂಗಿಗೆ ಒತ್ತಿಕೊಂಡು ಕಿಟಕಿಯ ಗಾಜು ಎಳೆಯಲು ಕೈ ಚಾಚಿದಳು. "ಇರ್ಲಿ ಬಿಡಮ್ಮ" ಅಂದೆ. ಅವಳು ನನ್ನ ಮುಖ ನೋಡಿ, ಮದುವೆಗೆಂದು ಉಟ್ಟಿದ್ದ ರೇಷ್ಮೆ ಸೀರೆ ನೋಡಿ, ಇದ್ಯಾವುದೋ ತಲೆ ಕೆಟ್ಟ ಹೆಂಗಸು ಎಂದುಕೊಂಡು ಸುಮ್ಮನಾದಳು. ನನಗೆ ಕಣ್ಣು ತುಂಬಿ ರಸ್ತೆಯೇ ಕಾಣದಂತಾಯಿತು. ರೇಷ್ಮೆ ಉಡುವವರು ಈ ವಾಸನೆಗೆ ಮೂಗು ಮುಚ್ಚಬಾರದು ಎಂದು ಸರೋಜಮ್ಮ ಹೇಳುತ್ತಿದ್ದಳು. ಸರೋಜಮ್ಮನನ್ನು ನೆನೆದರೆ ನನಗೆ ಆ ಒಂದು ಮಳೆಗಾಲ ಬಿಟ್ಟು ಬೇರೇನೂ ನೆನಪಾಗುವುದಿಲ್ಲ.

ಅವಳ ಊರು ಹುಣಸೆಗಡ್ಡೆ. ವಿಜಯಪುರದ ರಸ್ತೆಯಲ್ಲಿ ಬಸ್ಸಿಳಿದು, ಹಿಪ್ಪುನೇರಳೆ ತೋಟಗಳ ನಡುವೆ ನಡೆದು, ಕೋಡಿಹಳ್ಳ ದಾಟಿದರೆ ಸಿಗುವ ಸಣ್ಣ ಊರು. ಮೂರು ಕಡೆ ದೊಡ್ಡ ಕೆರೆ, ನಾಲ್ಕನೆಯ ಕಡೆ ಆ ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಹಳ್ಳ. ಹೀಗೆಂದೆನೆಂದು ಏನೋ ತಂಪಾದ ಊರೆಂದು ತಿಳಿಯಬೇಡಿ. ಒಂದು ತಲೆಮಾರು ಆ ಕೆರೆಯಲ್ಲಿ ನೀರೇ ನಿಂತಿರಲಿಲ್ಲ. ಅಂಗಳದ ತುಂಬ ಜಾಲಿ ಬೆಳೆದಿತ್ತು, ದನ ಮೇಯುತ್ತಿದ್ದವು, ಭಾನುವಾರ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಕೆರೆಯ ನಡುವೆ ಒಂದು ಕಾಲುದಾರಿ ಬಿದ್ದು ಆಚೆ ದಡದ ಊರಿಗೆ ಹೋಗುತ್ತಿತ್ತು. ಆ ಊರನ್ನು ಇವರು ಆಚೆಪಾಳ್ಯ ಅನ್ನುತ್ತಿದ್ದರು. ಸರೋಜಮ್ಮ ಆಚೆಪಾಳ್ಯದ ಮಗಳು, ಹುಣಸೆಗಡ್ಡೆಯ ಸೊಸೆ. "ಕೂಗಿದ್ರೆ ಓಗೊಡೋ ದೂರಕ್ಕೆ ಕೊಟ್ಟಿದೀನಿ ನನ್ ಮಗ್ಳನ್ನ" ಎಂದು ಅವಳ ತಾಯಿ ಮುನಿತಾಯಮ್ಮ ಕಂಡಕಂಡವರ ಹತ್ತಿರ ಹೆಚ್ಚುಗಾರಿಕೆ ಮಾಡಿಕೊಳ್ಳುತ್ತಿದ್ದಳಂತೆ.

ಆ ಮುನಿತಾಯಮ್ಮನಿಗೆ ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಗಿತ್ತು. ಮಗ ನಾರಾಯಣಪ್ಪ ಏರ್‌ಪೋರ್ಟಿನ ಕಡೆ ಸರಕು ಇಳಿಸುವ ಕೆಲಸಕ್ಕೆ, ಸೊಸೆ ಗಾರ್ಮೆಂಟ್ಸಿಗೆ. ಬೆಳಗ್ಗೆ ಮುದುಕಿಗೆ ತಿನ್ನಿಸಿ, ಮನೆಯ ಮುಂದೆ ಎಳೆಬಿಸಿಲಿಗೆ ಮಂಚ ಎಳೆದು ಮಲಗಿಸಿ ಹೊರಟರೆ ಅವರು ಬರುವುದು ದೀಪ ಹಚ್ಚುವ ಹೊತ್ತಿಗೆ. ಮಧ್ಯಾಹ್ನದ ಊಟ ಸರೋಜಮ್ಮನದು. ದಿನವೂ ಮುದ್ದೆ, ಸಾರು ಕಟ್ಟಿಕೊಂಡು ಕೆರೆಯಂಗಳ ದಾಟಿ ಹೋಗಿ, ತಾಯಿಗೆ ಉಣ್ಣಿಸಿ, ಮೈ ಒರೆಸಿ, ತಲೆ ಬಾಚಿ, ಹುಳಕ್ಕೆ ಸೊಪ್ಪು ಹಾಕುವ ಹೊತ್ತಿಗೆ ವಾಪಸಾಗುತ್ತಿದ್ದಳು. ನಿಮ್ಮ ಮನೆಗೇ ಕರೆದುಕೊಂಡು ಬಂದು ಇಟ್ಟುಕೊಳ್ಳಬಾರದೇ ಎಂದು ನಾನು ಕೇಳಿದ್ದೆ. "ಮಗ ಇರೋವಾಗ ಮಗಳ ಮನೇಲಿ ಪ್ರಾಣ ಬಿಡೋಕೆ ನಮ್ಮವ್ವ ಒಪ್ತಾಳಾ? ಬಲಗೈ ಬಿದ್ದೋಗಿದೆ ಕಣವ್ವ, ಜಂಬ ಬಿದ್ದೋಗಿಲ್ಲ" ಅಂದಿದ್ದಳು.

ಆಮೇಲೆ ಕೆರೆ ತುಂಬಿತು. ಮೊದಲು ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಶುದ್ಧ ಮಾಡಿ ಪೈಪಿನಲ್ಲಿ ತಂದು ಬಿಟ್ಟರು. ಅದು ಇನ್ನೂ ಕಾಲುದಾರಿಯನ್ನು ಮುಟ್ಟದಿರುವಾಗಲೇ ಆ ವರ್ಷದ ಮಳೆ ಹಿಡಿಯಿತು. ಎಂದೂ ಕಾಣದಂಥ ಮಳೆ. ಕೋಲಾರದ ಕಡೆಯಿಂದ ಬಂದ ನೆಂಟರೂ ಇದೇನು ಮಲೆನಾಡೇ ಎಂದು ಬೈದುಕೊಂಡು ಹೋದರು. ಒಂದು ಬೆಳಗ್ಗೆ ಎದ್ದರೆ ಕೋಡಿ ಬಿದ್ದಿದೆ. ಸುತ್ತಲ ಊರುಗಳಲ್ಲಿ ಹಬ್ಬವೋ ಹಬ್ಬ. ತಮಟೆ ಹೊಡೆಸಿ, ದೊಡ್ಡವರನ್ನೆಲ್ಲ ಕರೆಸಿ, ಮುತ್ತೈದೆಯರು ಸಾಲುಗಟ್ಟಿ ಬಾಗಿನ ಬಿಟ್ಟರು. ಸತ್ತಿದ್ದ ಬೋರ್‌ವೆಲ್ಲುಗಳಲ್ಲಿ ನೀರು ಉಕ್ಕಿತು. ನೀರಿಗಾಗಿ ಬಾಯಿ ಬಿಡುವ ಈ ಸೀಮೆಯಲ್ಲಿ ತುಂಬಿದ ಕೆರೆಯನ್ನು ಕಂಡು ಅಳುವವರು ಯಾರಿದ್ದಾರೆ? ಸರೋಜಮ್ಮನೂ ಹಸಿರು ಸೀರೆ ಉಟ್ಟು ಬಾಗಿನ ಬಿಟ್ಟಳು. ಮಾರನೆಯ ದಿನ ಮಧ್ಯಾಹ್ನ ಅಭ್ಯಾಸಬಲದಿಂದ ಊಟದ ಡಬ್ಬಿ ಹಿಡಿದು ದಡಕ್ಕೆ ಬಂದು ನಿಂತಾಗಲೇ ಅವಳಿಗೆ ಹೊಳೆದದ್ದು. ಕಣ್ಣಿಗೆ ಕಾಣುವ ತವರಿಗೆ ಈಗ ಕೋಡಿಹಳ್ಳ ದಾಟಿ, ರಸ್ತೆಗೆ ಹೋಗಿ, ವಿಜಯಪುರಕ್ಕೆ ಒಂದು ಬಸ್ಸು, ಅಲ್ಲಿಂದ ಕೆರೆ ಸುತ್ತಿ ಬರುವ ಇನ್ನೊಂದು ಬಸ್ಸು. ಹೋಗಿ ಬರುವಷ್ಟರಲ್ಲಿ ದಿನ ಮುಗಿದುಹೋಗುತ್ತಿತ್ತು.

ನಾನು ಅಲ್ಲಿಗೆ ಹೋದದ್ದು ಆ ಹೊತ್ತಿನಲ್ಲಿ. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ನನಗೆ ಕೆಲಸ. ಹವಾಮಾನ ಕೆಟ್ಟು ಬದುಕು ಹದಗೆಟ್ಟ ಹೆಂಗಸರಿಗೆಂದು ಹೊರದೇಶಗಳಿಂದ ಬರುವ ನಿಧಿಯೊಂದು ನಮ್ಮ ಸಂಸ್ಥೆಯ ಮೂಲಕ ಹಳ್ಳಿಗಳಿಗೆ ಹೋಗುತ್ತಿತ್ತು. ಆ ವರ್ಷ ನಿಧಿಯವರು ದ್ವೀಪಗಳ ಮೇಲೆ ಮನಸ್ಸು ಮಾಡಿದ್ದರು. ಸಮುದ್ರ ಏರಿ ಮುಳುಗುತ್ತಿರುವ ದ್ವೀಪಗಳ ಹೆಂಗಸರಿಗೆ ಮೊದಲ ಆದ್ಯತೆ. ಸಮುದ್ರವೇ ಇಲ್ಲದ ನಮ್ಮ ಜಿಲ್ಲೆಗೆ ಏನೂ ದಕ್ಕದು ಎಂದು ನಾವು ಕೈ ಚೆಲ್ಲಿ ಕೂತಿದ್ದಾಗ ನಮ್ಮ ಸರ್ ಪತ್ರಿಕೆಯಲ್ಲಿ ಹುಣಸೆಗಡ್ಡೆಯ ಫೋಟೋ ನೋಡಿದರು. ಸುತ್ತ ನೀರು, ನಡುವೆ ಊರು. "ಇದು ದ್ವೀಪ ಅಲ್ಲದೆ ಇನ್ನೇನ್ರೀ?" ಅಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ನಮ್ಮ ಸರ್. ನಾನು ನಕ್ಕೆ. ಅವರು ನಗಲಿಲ್ಲ. ನಿಧಿಯವರೂ ನಗದೆ ಒಪ್ಪಿಕೊಂಡರು. ಸಮುದ್ರವನ್ನು ಟಿವಿಯಲ್ಲಿ ಮಾತ್ರ ಕಂಡಿದ್ದ ಹೆಂಗಸರು ಹೀಗೆ ದ್ವೀಪವಾಸಿಗಳಾದರು.

ಮೊದಲ ಸಲ ಹೋದಾಗ ಕೋಡಿಯ ನೀರು ಮೊಣಕಾಲಿಗೆ ಬರುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ನಾನು ಹಿಂದೆ ಮುಂದೆ ನೋಡುತ್ತಿದ್ದರೆ ಆಚೆಯಿಂದ ಒಂದು ಗಟ್ಟಿ ದನಿ, "ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ಬಾರವ್ವ, ಕೈ ಕೊಡು!" ಸರೋಜಮ್ಮ ಸೀರೆ ಎತ್ತಿ ಕಟ್ಟಿಕೊಂಡು ಅರ್ಧ ಹಳ್ಳಕ್ಕೆ ಇಳಿದಿದ್ದಳು. ಕಪ್ಪಗೆ, ಎತ್ತರಕ್ಕೆ, ಅಗಲ ಹಣೆಯ ಹೆಂಗಸು. ಗಂಡ ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಮನೆ, ತೋಟ, ಹುಳು, ಊರ ಹೆಂಗಸರ ಸಂಘ, ಎಲ್ಲವೂ ಅವಳ ತಲೆಯ ಮೇಲೆ.

ನಿಮಗೆ ಏನು ಬೇಕು ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಹುಣಸೆಮರದ ಕಟ್ಟೆಯ ಮೇಲೆ ಹೆಂಗಸರೆಲ್ಲ ಕೂತರು. ನಾನು ದ್ವೀಪದ ವಿಷಯ ಹೇಳಿದಾಗ ನಗು ನಿಲ್ಲಲೇ ಇಲ್ಲ. "ಹಡಗು ಯಾವಾಗ ಬರುತ್ತವ್ವ ನಮ್ಮೂರ್ಗೆ?" ಎಂದು ಒಬ್ಬಳು. "ಇನ್ಮೇಲೆ ನಮ್ ಗಂಡಂದ್ರು ಮೀನ್ ಹಿಡ್ಯೋಕೆ ಹೋಗ್ಲಿ, ಬೆಳಗಾದ್ರೆ ಮನೆಯಿಂದ ತೊಲಗ್ತಾರೆ" ಎಂದು ಇನ್ನೊಬ್ಬಳು. ನಗು ಮುಗಿದ ಮೇಲೆ ಸರೋಜಮ್ಮ ಹೇಳಿದಳು, "ನಮಗೆ ದಾರಿ ಬೇಕು. ಆಚೆಪಾಳ್ಯಕ್ಕೆ ನೀರಿನ ಮೇಲೆ ಎತ್ತರ ಮಾಡಿ ಒಂದು ದಾರಿ. ಬೇರೆ ಏನೂ ಬ್ಯಾಡ." ಶಾಲೆ ಆಚೆಪಾಳ್ಯದಲ್ಲಿತ್ತು, ಆಸ್ಪತ್ರೆಯ ನರ್ಸು ಬರುವುದು ಆಚೆಪಾಳ್ಯಕ್ಕೆ, ಹಾಲಿನ ಡೈರಿ ಅಲ್ಲಿತ್ತು. ಎಲ್ಲರಿಗೂ ಆ ದಾರಿ ಬೇಕಿತ್ತು. ಆದರೆ ಅದನ್ನು ಕೇಳುವಾಗ ಸರೋಜಮ್ಮ ನೋಡುತ್ತಿದ್ದದ್ದು ನೀರಿನಾಚೆ ಬಿಸಿಲಿಗೆ ಹಾಕಿದ್ದ ಒಂದು ಮಂಚವನ್ನು. ಅಲ್ಲಿಂದ ಮುದುಕಿಯ ಮುಖ ಕಾಣುತ್ತಿರಲಿಲ್ಲ, ಹೊದ್ದಿದ್ದ ಕೆಂಪು ರಗ್ಗು ಮಾತ್ರ ಕಾಣುತ್ತಿತ್ತು. ದಿನಾ ಬೆಳಗ್ಗೆ ಆ ಕೆಂಪನ್ನು ಕಂಡ ಮೇಲೇ ಅವಳು ತಿಂಡಿ ತಿನ್ನುತ್ತಿದ್ದದ್ದು ಎಂದು ಆಮೇಲೆ ತಿಳಿಯಿತು.

ದೇವರು ಕೊಟ್ಟರೂ ಪೂಜಾರಿ ಕೊಡ. ನಿಧಿಯ ನಿಯಮದಲ್ಲಿ ದಾರಿಗೆ ಜಾಗವಿರಲಿಲ್ಲ. ಹೆಂಗಸರ ದುಡಿಮೆ ಹವಾಮಾನಕ್ಕೆ ಜಗ್ಗದಂತೆ ನಿಲ್ಲಬೇಕು, ಅದು ಮೊದಲು. ಅದು ನಿಂತಿದೆ ಎಂದು ಕಣ್ಣಾರೆ ಕಂಡ ಮೇಲೆ ಎರಡನೆಯ ಹಂತದಲ್ಲಿ ದಾರಿ, ಸೇತುವೆ ಏನಾದರೂ ಕೇಳಬಹುದು. ನಾನು ಮೀಟಿಂಗುಗಳಲ್ಲಿ ಜಗಳವಾಡಿದೆ. ದಾರಿಯಿಲ್ಲದೆ ಯಾವ ದುಡಿಮೆ ನಿಲ್ಲುತ್ತದೆ ಸರ್ ಎಂದು ಕೂಗಾಡಿದೆ. ನಿಮ್ಮ ಭಾವನೆ ನಮಗೆ ಅರ್ಥವಾಗುತ್ತದೆ ಅಂದರು. ಆ ನಿಯಮ ಬರೆದವರ ತಾಯಂದಿರು ನೂರು ವರ್ಷ ಬಾಳಲಿ. ಅವರ ಮಕ್ಕಳು ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ಇರಲಿ.

ಹುಣಸೆಗಡ್ಡೆಯವರ ದುಡಿಮೆ ಎಂದರೆ ರೇಷ್ಮೆಹುಳು. ಬೇಸಿಗೆಯ ಧಗೆಗೆ ಹುಳು ಸಾಯುತ್ತಿದ್ದವು, ಈ ಮಳೆಯ ಥಂಡಿಗೆ ಸುಣ್ಣಕಟ್ಟು ರೋಗ ಬಂದು ಬೆಳ್ಳಗೆ ಸೆಟೆದುಕೊಳ್ಳುತ್ತಿದ್ದವು. ಮನೆಮನೆಯ ಸೋರುವ ಕೋಣೆಗಳಲ್ಲಿ ಸಾಕುವ ಬದಲು ಎಲ್ಲರಿಗೂ ಸೇರಿ ಒಂದು ದೊಡ್ಡ ಹುಳುಮನೆ ಕಟ್ಟುವುದೆಂದು ಗೊತ್ತಾಯಿತು. ದಪ್ಪ ಗೋಡೆ, ಎತ್ತರದ ಸೂರು, ಸೋಲಾರಿನಿಂದ ತಿರುಗುವ ಫ್ಯಾನು. ಮೊದಲ ಬೆಳೆಯ ಗೂಡು ಬಿಡಿಸುವ ದಿನ ನಿಧಿಯವರು ಬಂದು ನೋಡುತ್ತಾರೆ. ಬೆಳೆ ಕೈಹತ್ತಿದ್ದರೆ ದಾರಿ. ಸರೋಜಮ್ಮ ನನ್ನನ್ನು ಮತ್ತೆ ಮತ್ತೆ ಕೇಳಿದಳು, "ಗೂಡು ಚೆನ್ನಾಗಿ ಆದ್ರೆ ದಾರಿ ಆಗುತ್ತಲ್ವಾ? ಮಾತ್ ತಪ್ಪಲ್ವಲ್ಲ?" ತಪ್ಪುವುದಿಲ್ಲ ಅಂದೆ. ಬರೆದು ಸಹಿ ಹಾಕಿದ ಮಾತು ಅದು.

ಹುಳುಮನೆ ಕಟ್ಟುತ್ತಿರುವಾಗ ಒಮ್ಮೆ ನಿಧಿಯವರ ಜೊತೆ ನಿಜವಾದ ದ್ವೀಪದ ಹೆಂಗಸೊಬ್ಬಳು ಬಂದಿದ್ದಳು. ಹೂವಿನ ಚಿತ್ರದ ಅಂಗಿ, ದಪ್ಪ ಜಡೆ, ದೊಡ್ಡ ನಗು. ಸರೋಜಮ್ಮ ಅವಳನ್ನು ನೆಂಟರಂತೆ ಕೂರಿಸಿ, ಕುಂಕುಮವಿಟ್ಟು, ಹುಳುಮನೆಯ ವಿಷಯವೆಲ್ಲ ಬಿಟ್ಟು ಕೇಳಿದ್ದು ಒಂದೇ ಮಾತು, "ನಿಮ್ಮವ್ವ ಇದಾರಾ?" ನಾನು ಇಂಗ್ಲಿಷಿನಲ್ಲಿ ಕೇಳಿದೆ. ಇಲ್ಲ, ತೀರಿಕೊಂಡಿದ್ದಾಳೆ, ಸಮುದ್ರದ ದಂಡೆಯಲ್ಲಿ ಹೂಳಿದ್ದೆವು, ಈಗ ಆ ಜಾಗ ನೀರಿನೊಳಗಿದೆ ಎಂದು ಆಕೆ ನಗುತ್ತಲೇ ಹೇಳಿದಳು. ನಾನು ಕನ್ನಡದಲ್ಲಿ ಹೇಳಿದೆ. ಸರೋಜಮ್ಮ ಆಕೆಯ ಕೈ ಹಿಡಿದುಕೊಂಡವಳು ಬಹಳ ಹೊತ್ತು ಬಿಡಲೇ ಇಲ್ಲ. ಆ ಹೆಂಗಸಿನ ನಗು ಹೋಗಿ ಅಳು ಬಂತು. ಕಟ್ಟೆಯ ಮೇಲೆ ಒಬ್ಬರ ಭಾಷೆ ಒಬ್ಬರಿಗೆ ಬಾರದ ಇಬ್ಬರು ಹೆಂಗಸರು ಕೂತು ಅಳುತ್ತಿದ್ದರೆ ನಮ್ಮ ಸರ್ ಫೋಟೋ ತೆಗೆಸಿದರು.

ಶ್ರಾವಣ ಕಳೆಯುವ ಹೊತ್ತಿಗೆ ಹುಳುಮನೆ ಆಯಿತು, ಹುಳು ಬಂದವು. ಆಮೇಲಿನ ದಿನಗಳಲ್ಲಿ ನಾನು ಅಲ್ಲೇ ಉಳಿದೆ. ಹುಳುಮನೆಗೆ ಅದರದೇ ಮಡಿ. ಚಪ್ಪಲಿ ಹೊರಗೆ, ಸುಣ್ಣದ ನೀರಿನಲ್ಲಿ ಕಾಲು ಅದ್ದಬೇಕು, ಒಗ್ಗರಣೆ ಹಾಕಿದ ಕೈಯಲ್ಲಿ ಹುಳು ಮುಟ್ಟಬಾರದು, ಹೂವು ಮುಡಿಯಬಾರದು, ಮೊಬೈಲು ಜಗುಲಿಯ ಮೇಲೆ. ಇವೆಲ್ಲ ರೋಗ ತಡೆಯಲು ಸರಿಯೇ. ಆದರೆ ಎಲ್ಲಕ್ಕಿಂತ ದೊಡ್ಡ ಕಟ್ಟು ಸೂತಕದ್ದು. ಸಾವಿನ ಮನೆ ಮೆಟ್ಟಿದವರು, ಸ್ವಂತದವರ ಸಾವು ಕಿವಿಗೆ ಬಿದ್ದವರು ಹುಳುಮನೆಯ ಹೊಸ್ತಿಲು ದಾಟುವಂತಿಲ್ಲ. ದಾಟಿದರೆ ಹುಳು ಗೂಡು ಕಟ್ಟದೆ ಕರಗಿ ಹೋಗುತ್ತವೆ. ಊರಿನ ಹಿರಿಯಳು ಹನುಮಕ್ಕ ಇದರ ಕಾವಲುಗಾರ್ತಿ. ಮೂಢನಂಬಿಕೆ ಎಂದು ನೀವನ್ನಬಹುದು, ನಾನೂ ಅಂದೆ. "ಬೆಳೆ ಹೋದ್ರೂ ಪಟ್ಟಣದಲ್ಲಿ ನಿಮಗೆ ತಿಂಗ್ಳಾ ಸಂಬಳ ಬರುತ್ತವ್ವ. ನಮಗೆ ಬರಾಕಿಲ್ಲ" ಎಂದು ಹನುಮಕ್ಕ ಬಾಯಿ ಮುಚ್ಚಿಸಿದಳು.

ನಾಲ್ಕನೆಯ ಜ್ವರ ಕಳೆದು ಎದ್ದ ಹುಳು ಹಗಲೂ ರಾತ್ರಿ ತಿನ್ನುತ್ತವೆ. ಹುಳು ಪೊರೆ ಬಿಡುವುದಕ್ಕೆ ಇವರು ಜ್ವರ ಅನ್ನುತ್ತಾರೆ. ಹೊರಗೆ ಮಳೆ, ಒಳಗೆ ಸೊಪ್ಪು ತಿನ್ನುವ ಸದ್ದು, ಎರಡಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಹೆಂಗಸರು ನೆನೆದ ಸೊಪ್ಪನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ಹಾಕಿದರು. ಸರೋಜಮ್ಮ ಆ ದಿನಗಳಲ್ಲಿ ತವರಿಗೆ ಹೋಗಲಿಲ್ಲ. ಅದಕ್ಕೆ ಮುಂಚೆ ಬಿಡುವಾದಾಗಲೆಲ್ಲ ಬಸ್ಸು ಸುತ್ತಿಕೊಂಡು ಹೋಗಿಬರುತ್ತಿದ್ದಳು. ಹೋದಾಗ ತಾಯಿ ತೊದಲುತ್ತಾ, "ನೀರು ಇಳೀತಾ?" ಎಂದು ಕೇಳುತ್ತಿದ್ದಳಂತೆ. "ನೀರ್ ಇಳ್ಯಲ್ಲ ಕಣವ್ವ, ದಾರಿನೇ ಏರ್ತದೆ. ಗೂಡು ಆಗ್ಲಿ ನೋಡ್ತಿರು, ದಿನಾ ನಾನೇ ಉಣ್ಸ್ತೀನಿ" ಎಂದು ಹೇಳಿ ಬರುತ್ತಿದ್ದಳು. ಪಕ್ಕದ ಮನೆಯವರು ತಿನ್ನಿಸುವ ಮಧ್ಯಾಹ್ನದ ಅನ್ನವನ್ನು ಮುದುಕಿ ಅರ್ಧ ಉಗಿಯುತ್ತಾಳೆ, ಇಳಿದುಹೋಗಿದ್ದಾಳೆ ಎಂದು ನಾರಾಯಣಪ್ಪ ಫೋನಿನಲ್ಲಿ ಹೇಳಿದ ದಿನ ಸರೋಜಮ್ಮನೂ ಊಟ ಮಾಡಲಿಲ್ಲ.

ದಾರಿ ಆಯಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ವಿಷಯದಲ್ಲಿ ನಿಧಿಯವರು ಮಾತು ತಪ್ಪಲಿಲ್ಲ. ಮುಂದಿನ ಬೇಸಿಗೆಯಲ್ಲಿ ಕಲ್ಲು ಕಟ್ಟಿ, ಮಣ್ಣು ತುಂಬಿ, ನೀರು ಹಾಯಲು ತೂಬು ಬಿಟ್ಟು ಕಟ್ಟಿದ ಗಟ್ಟಿಮುಟ್ಟಾದ ದಾರಿ. ಮಕ್ಕಳು ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಾರೆ, ಹಾಲಿನ ಕ್ಯಾನು ಹೋಗುತ್ತವೆ. ದಾರಿಯ ತುದಿಯಲ್ಲಿ ಒಂದು ಬೋರ್ಡಿದೆ, ಅದರ ಮೇಲೆ ಗೂಡಿನ ಬುಟ್ಟಿ ಹಿಡಿದು ನಗುತ್ತಿರುವ ಸರೋಜಮ್ಮನ ಚಿತ್ರ. ನಗಬೇಕು ಎಂದು ಫೋಟೋದವನು ಹೇಳಿದ್ದಕ್ಕೆ ನಕ್ಕದ್ದು. ಆಗ ಅವಳ ತಾಯಿಯನ್ನು ಮಣ್ಣು ಮಾಡಿ ವಾರವೂ ಆಗಿರಲಿಲ್ಲ. ಆ ಬೋರ್ಡನ್ನು ಒಂದೇ ಸಲ ನೋಡಿದ್ದೇನೆ, ಇನ್ನೊಮ್ಮೆ ನೋಡಲಾರೆ.

ಹುಳು ಹಣ್ಣಾಗುವುದು ಒಟ್ಟಿಗೇ. ಮೈ ಹಳದಿಗೆ ತಿರುಗಿ, ತಿನ್ನುವುದು ಬಿಟ್ಟು, ತಲೆ ಎತ್ತಿ ಆಚೀಚೆ ಆಡಿಸುತ್ತವೆ. ಆಗ ಒಂದೊಂದನ್ನೂ ಕೈಯಲ್ಲಿ ಆರಿಸಿ ಚಂದ್ರಿಕೆಯ ಮೇಲೆ ಬಿಡಬೇಕು. ಚಂದ್ರಿಕೆ ಎಂದರೆ ಬಿದಿರಿನ ತಟ್ಟಿ, ಅದರ ಸುತ್ತುಗಳ ನಡುವೆ ಹುಳು ಗೂಡು ಕಟ್ಟುತ್ತದೆ. ತಡಮಾಡಿದರೆ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಆ ದಿನ ಬೆಳಗ್ಗೆ ಹನುಮಕ್ಕ, "ಹಣ್ಣಾದ್ವು ಕಣ್ರೇ, ಎಲ್ರೂ ಬರ್ರಿ" ಎಂದು ಬೀದಿಯಲ್ಲಿ ಕೂಗಿಕೊಂಡು ಹೋದಳು. ಮಳೆ ನಿಂತು ಬಿಸಿಲು ಬಂದಿತ್ತು. ಎಲ್ಲರಿಗಿಂತ ಮೊದಲು ಸರೋಜಮ್ಮ ದಡದಿಂದ ಬಂದಳು. "ಅವ್ವ ಇವತ್ತು ಹೊರಗೆ ಬಂದಿಲ್ಲ" ಎಂದಷ್ಟೇ ಹೇಳಿ, ಕಾಲು ಅದ್ದಿ ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಜಗುಲಿಯ ಮೇಲೆ ಅವಳ ಮೊಬೈಲು ಹೊಡೆದುಕೊಂಡಿತು. ನಾನು ಹೊರಗೆ ಚಂದ್ರಿಕೆ ಒರೆಸುತ್ತಿದ್ದೆ, ಎತ್ತಿದೆ. ನಾರಾಯಣಪ್ಪ. "ಅಕ್ಕ ಎಲ್ಲಿ? ಅವ್ವ ಹೋಗ್ಬಿಟ್ಲು. ಬೆಳಗಿನ ಜಾವದಿಂದ ಬಾಗ್ಲು ಕಡೆನೇ ನೋಡ್ತಿದ್ಲು, ಸರೋಜಿ ಬಂದ್ಲಾ, ಸರೋಜಿ ಬಂದ್ಲಾ ಅಂತ. ಕೋಡಿ ಹತ್ರ ಆಟೋ ಕಳಿಸ್ತೀನಿ, ಬೇಗ ಹೊರಡಕ್ಕೆ ಹೇಳಿ ಮೇಡಂ" ಅಂದು ಅತ್ತ. ನಾನು ಫೋನು ಹಿಡಿದೇ ಬಾಗಿಲಿಗೆ ಓಡಿದೆ. ಸರೋಜಮ್ಮ ಹುಳು ಸಾಕುವ ತಟ್ಟೆಯ ಮುಂದೆ ಕೂತಿದ್ದವಳು ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಹುಳು ಹಿಡಿದ ಕೈಯನ್ನೇ ಮೇಲೆತ್ತಿದಳು.

"ಹೇಳ್ಬೇಡ ಕಣವ್ವ."

"ಸರೋಜಮ್ಮ, ನಾರಾಯಣಪ್ಪ ಫೋನ್..."

"ಹೇಳ್ಬೇಡ ಅಂದ್ನಲ್ಲ! ನನ್ ಕಿವಿಗೆ ಹಾಕ್ಬೇಡ ಈಗ. ಕಾಲಿಗೆ ಬೀಳ್ತೀನಿ."

ಒಳಗಿದ್ದ ಹೆಂಗಸರೆಲ್ಲ ತಿರುಗಿದರು. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಷ್ಟರಲ್ಲಿ ನೀರಿನ ಮೇಲೆ ತಮಟೆಯ ಸದ್ದು ತೇಲಿ ಬಂತು. ಹಬ್ಬದ ತಮಟೆಗೂ ಸಾವಿನ ತಮಟೆಗೂ ಇರುವ ಅಂತರ ಎಂಥವರಿಗೂ ತಿಳಿಯುತ್ತದೆ. ಸಾವು ಕಿವಿಗೆ ಬಿದ್ದ ಮೇಲೆ ತಾನೇ ಸೂತಕ. ಯಾರೂ ಹೇಳದಿದ್ದರೆ ಅವಳಿಗೆ ತಾಯಿ ಇನ್ನೂ ಇದ್ದಾಳೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ, ಏನೂ ಕೇಳಿಸದವರಂತೆ ಮತ್ತೆ ಹುಳು ಆರಿಸತೊಡಗಿದರು. ಹನುಮಕ್ಕ ಎದ್ದು ಬಂದು ನನ್ನ ತೋಳು ಹಿಡಿದು ಜಗುಲಿಗೆ ಎಳೆದುಕೊಂಡು ಹೋದಳು. ನನಗೆ ಅವಳ ಮೇಲೆ ಬೆಂಕಿಯಂಥ ಸಿಟ್ಟು ಬಂತು. "ನಿಮ್ಮ ಹುಳ ಹಾಳಾಗ್ಲಿ! ಹೆತ್ತ ತಾಯಿ ಅವರು. ಅವರನ್ನ ಕಳಿಸಿ ಅಜ್ಜಿ" ಅಂದೆ. ಹನುಮಕ್ಕನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ನಾನು ಹಿಡ್ಕೊಂಡಿಲ್ಲ ಕಣವ್ವ ಅವಳ್ನ. ಬಾಗ್ಲು ತೆಗ್ದೇ ಅದೆ. ಅವಳು ಹೋದ್ರೆ, ಬೆಳೆ ಕೆಟ್ರೆ, ದಾರಿ ಹೋದ್ರೆ, ಈ ಊರು ಅವಳ್ನ ಸಾಯೋ ತನಕ ಅಂದಾಡುತ್ತೆ. ಅದು ಅವಳಿಗೆ ಗೊತ್ತು" ಅಂದಳು.

ಮಧ್ಯಾಹ್ನ ನಾರಾಯಣಪ್ಪ ಮತ್ತೆ ಮಾಡಿದ. ಆಟೋ ಕೋಡಿಯ ಹತ್ತಿರ ಕಾದು ಕಾದು ವಾಪಸಾಗಿತ್ತು. "ಎಷ್ಟೊತ್ತು ಅಂತ ಇಟ್ಕೊಳ್ಳೋಣ ಮೇಡಂ? ಜನ ಹೊರಡ್ಬೇಕು ಅಂತಾವ್ರೆ. ಅಕ್ಕ ಬರ್ತಾಳೋ ಇಲ್ವೋ, ಒಂದ್ ಮಾತು ಕೇಳಿ ಹೇಳಿ." ಕೇಳುವುದು ಹೇಗೆ? ಕೇಳಿದರೆ ಹೇಳಿದಂತೆಯೇ. ಮತ್ತೆ ಬಾಗಿಲಿಗೆ ಹೋಗಿ ನಿಂತೆ, ಏನೂ ಅನ್ನಲಿಲ್ಲ. ಸರೋಜಮ್ಮ ತಲೆ ಎತ್ತಲಿಲ್ಲ. ಒಂದು ಹುಳುವನ್ನು ಚಂದ್ರಿಕೆಯ ಮೇಲೆ ಬಿಟ್ಟಳು, ಇನ್ನೊಂದನ್ನು ಬಿಟ್ಟಳು. ಆಮೇಲೆ ಗೋಡೆಗೆ ಹೇಳುವಂತೆ ಹೇಳಿದಳು.

"ಆಚೆಪಾಳ್ಯದೋರು ಏನೋ ಕೆಲ್ಸ ಹಿಡ್ಕೊಂಡಿದ್ರೆ ಅವ್ರ ಹೊತ್ತಿಗೆ ಅವ್ರು ಮಾಡ್ಕೊಳ್ಳಿ ಅಂತ ಹೇಳು. ನನಗೆ ಕಾಯೋದು ಬ್ಯಾಡ."

ನಾನು ಅದನ್ನು ನಾರಾಯಣಪ್ಪನಿಗೆ ಹೇಳಿದೆ. "ಬಾಯಿಗೆ ನೀರ್ ಬಿಡೋಕೂ ಬರಲ್ವಾ? ಮಗಳು ಹೊದಿಸ್ಬೇಕಾದ ಸೀರೆ ಯಾರು ಹೊದಿಸ್ಲಿ ಮೇಡಂ?" ಅಂದ. ಹಳ್ಳಿಗಳಿಗೆ ಹೋಗಿ ಹೆಂಗಸರಿಗೆ ಧೈರ್ಯ ಹೇಳುವುದೇ ನನ್ನ ಕೆಲಸವಾಗಿತ್ತು. ಆ ಹೊತ್ತು ಫೋನು ಹಿಡಿದು ಜಗುಲಿಯ ಮೇಲೆ ಮಗುವಿನಂತೆ ಅತ್ತೆ.

ಬಿಸಿಲು ವಾಲಿದಾಗ ಆಚೆ ದಡದಲ್ಲಿ ಜನ ಹೊರಟರು. ಹುಳುಮನೆಯ ಕಿಟಕಿ ಆ ಕಡೆಗೇ ಇತ್ತು. ಹೂವು ಕಟ್ಟಿದ ಚಟ್ಟ ಕೆರೆಯೇರಿಯ ಮೇಲೆ ನಿಧಾನವಾಗಿ ಹೋಯಿತು, ಹಿಂದೆ ಮುಂದೆ ಜನ, ಪಟಾಕಿಯ ಹೊಗೆ. ಯಾರೋ ಕಿಟಕಿ ಮುಚ್ಚಲು ಹೋದರು. ಸರೋಜಮ್ಮ ಬೇಡ ಎಂದು ತಲೆಯಾಡಿಸಿದಳು. ಕಿಟಕಿಯ ಹತ್ತಿರದ ತಟ್ಟೆಗೆ ತಾನೇ ಬಂದು ಕೂತಳು. ಕೈ ಹುಳು ಆರಿಸುತ್ತಿತ್ತು, ಕಣ್ಣು ಏರಿಯ ಮೇಲಿತ್ತು. ಕಣ್ಣೀರು ಹುಳದ ಮೇಲೆ ಬೀಳಬಾರದೆಂದು ತೋಳಿನಿಂದ ಒರೆಸಿಕೊಳ್ಳುತ್ತಿದ್ದಳು. ಆದರೂ ಒಂದು ಹುಳುವನ್ನೂ ತಪ್ಪಿ ಬಿಡಲಿಲ್ಲ. ಏರಿಯ ತುದಿಯಲ್ಲಿ ಹೊಂಗೆಮರಗಳ ಮರೆಗೆ ಚಟ್ಟ ಹೋಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಬಿಕ್ಕಿದಳು. ಸರೋಜಮ್ಮ ಅವಳ ಕಡೆ ತಿರುಗಿ, "ಯಾಕಮ್ಮಿ ಅಳ್ತೀಯ, ಏನಾಯ್ತು ಈಗ? ಕೈ ಓಡಿಸು" ಎಂದು ಗದರಿದಳು.

ಕೊನೆಯ ಚಂದ್ರಿಕೆ ಒರಗಿಸುವಾಗ ಹೊತ್ತು ಮುಳುಗುತ್ತಿತ್ತು. ಹುಳುಗಳು ನೂಲು ಬಿಡತೊಡಗಿದ್ದವು. ಸರೋಜಮ್ಮ ಎಲ್ಲ ತಟ್ಟೆಗಳನ್ನೂ ಒಂದು ಸುತ್ತು ನೋಡಿ, ಹೊರಗೆ ಬಂದು, ಬಾಗಿಲು ಎಳೆದು ಚಿಲಕ ಹಾಕಿದಳು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ನೀರಿನ ಅಂಚಿಗೆ ನಡೆದು ಹೋಗಿ ಕೂತಳು. ಹೆಂಗಸರೆಲ್ಲ ಹಿಂದೆ ಬಂದು ಸ್ವಲ್ಪ ದೂರದಲ್ಲಿ ನಿಂತರು, ಹತ್ತಿರ ಹೋಗಲು ಯಾರಿಗೂ ಧೈರ್ಯ ಬರಲಿಲ್ಲ. ನನ್ನನ್ನು ಕೈ ಬೀಸಿ ಕರೆದಳು. ಹೋಗಿ ಪಕ್ಕದಲ್ಲಿ ಕೂತೆ.

"ಈಗ ಹೇಳವ್ವ" ಅಂದಳು.

"ಅವ್ವ ಹೋದರು ಸರೋಜಮ್ಮ" ಅಂದೆ.

"ಯಾವಾಗ?"

"ಬೆಳಗ್ಗೆ."

ಅವಳು ತಲೆಯಾಡಿಸಿದಳು, ಅದೀಗ ತಾನೇ ತಿಳಿದವಳ ಹಾಗೆ. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದಳು, "ನನ್ನ ಕೇಳಿದ್ಲಾ?"

ನಾರಾಯಣಪ್ಪ ಹೇಳಿದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. "ಇಲ್ಲ ಸರೋಜಮ್ಮ. ನಿದ್ದೆಯಲ್ಲೇ ಹೋದರಂತೆ. ಏನೂ ಕೇಳಲಿಲ್ಲವಂತೆ" ಅಂದೆ.

ಅವಳು ನನ್ನ ಕಡೆ ತಿರುಗಿ ನೋಡಿದಳು. ಸಿಟ್ಟಿರಲಿಲ್ಲ. ನನ್ನ ಕೆನ್ನೆಯನ್ನು ಒಂದು ಸಲ ಸವರಿದಳು.

"ಕೇಳಿರ್ತಾಳೆ ಕಣವ್ವ" ಅಂದಳು. "ನಮ್ಮವ್ವ ನನ್ನ ಕೇಳ್ದೆ ಹೋಗೋಳಲ್ಲ."

ಆಮೇಲೆ ಎದ್ದು ನಿಂತು, ಸೊಂಟದವರೆಗೂ ನೀರಿಗೆ ಇಳಿದು, ಆಚೆ ದಡಕ್ಕೆ ಮುಖ ಮಾಡಿ, "ಅವ್ವಾ" ಎಂದು ಕೂಗಿದಳು. ಹೆಂಗಸರು ಓಡಿ ಬಂದು ಅವಳನ್ನು ಹಿಡಿದುಕೊಂಡರು. ಅವಳು ಮತ್ತೆ ಮತ್ತೆ ಕೂಗುತ್ತಲೇ ಇದ್ದಳು.